ಹೊರದೇಶದ ಮಾಲು, ನಮ್ಮೂರಿನ ಲೆಕ್ಕ

ಡಿಸೆಂಬರ್‌ನಲ್ಲಿ ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಮಾವಿನ ಮಂಡಿಗಳಿಗೆ ಹೋದರೆ ಕಾಣುವುದು ಬರೀ ತಗಡಿನ ಶೆಡ್ಡು, ಒಂದರ ಮೇಲೊಂದು ಏರಿಸಿಟ್ಟ ಪ್ಲಾಸ್ಟಿಕ್ ಕ್ರೇಟು, ಮೂಲೆಯಲ್ಲಿ ಒಣಹುಲ್ಲು. ಮೇ ತಿಂಗಳಲ್ಲಿ ಕಾಲಿಡಲೂ ಎಡೆಯಿಲ್ಲದ ಜಾಗ ಅದು. ಮೊನ್ನೆ ಅಂಥದೊಂದು ಶೆಡ್ಡಿನಲ್ಲಿ, ಕ್ರೇಟುಗಳ ಹಿಂದೆ, ಹನ್ನೊಂದು ರಟ್ಟಿನ ಪೆಟ್ಟಿಗೆ ಕಂಡೆ. ಮೈತುಂಬ ಚೀನಿ ಅಕ್ಷರ, ಒಡೆದೀತು ಜೋಕೆ ಎನ್ನುವ ಗಾಜಿನ ಲೋಟದ ಚಿತ್ರ, ನೆನೆಯದಿರಲಿ ಎನ್ನುವ ಕೊಡೆಯ ಚಿತ್ರ. ಒಂದರ ಟೇಪು ಬಿಚ್ಚಿತ್ತು. ಒಳಗೆ ಅಂಗೈಗಿಂತ ತುಸು ದೊಡ್ಡದಾದ, ಚಾರ್ಜ್ ಮಾಡಿ ಬಳಸುವ ಜ್ಯೂಸ್ ಮಿಕ್ಸರ್‌ಗಳು, ಗುಲಾಬಿ ಮತ್ತು ತಿಳಿನೀಲಿ. ಒಂದನ್ನು ಕೈಗೆತ್ತಿಕೊಂಡು ಗುಂಡಿ ಒತ್ತಿದೆ. ಸದ್ದಿಲ್ಲ. ಮೂರು ವರ್ಷ ಕೂತಲ್ಲೇ ಕೂತು ಬ್ಯಾಟರಿ ಸತ್ತಿದೆ. ತರಿಸಿದವನು ನಮ್ಮ ಸಂಬಂಧಿಕರ ಹುಡುಗ, ಬಿ.ಕಾಂ. ಓದಿದವನು. "ಮಾಲು ಕೂತುಬಿಡ್ತು ದೊಡ್ಡಪ್ಪ, ಅಸಲೂ ಬರಲಿಲ್ಲ" ಅಂದ. ಅವನ ಅಪ್ಪ ಆ ವರ್ಷ ತೋಟವನ್ನು ಹೂವಿನಲ್ಲೇ ಗುತ್ತಿಗೆಗೆ ಕೊಟ್ಟು ಮುಂಗಡ ತಂದ ದುಡ್ಡದು.

ಹೊರದೇಶದಲ್ಲಿ ಅಗ್ಗಕ್ಕೆ ಕೊಂಡು, ಇಲ್ಲಿ ಮೊಬೈಲ್‌ನಲ್ಲಿ ಅಂಗಡಿ ತೆರೆದು ಮಾರುವ ಆಸೆ ನಮ್ಮ ತಾಲ್ಲೂಕಿನ ಯುವಕರನ್ನು ಹಿಡಿದು ಹತ್ತು ಹನ್ನೆರಡು ವರ್ಷವಾಯಿತು. ಆ ಆಸೆಗೆ ನೆಲ ಸಿಕ್ಕಿದ್ದು ಅದಕ್ಕೂ ಮೊದಲು. ವರ್ಷದ ಕೊನೆಯಲ್ಲಿ ನಿಂತು ಹಿಂದಿನ ಕಾಲು ಶತಮಾನವನ್ನು ನೋಡಿದಾಗ ನನಗೆ ಒಂದು ವಿಷಯ ಖಚಿತವಾಗಿದೆ: ಅಲ್ಲಿನ ದರಕ್ಕೂ ಇಲ್ಲಿನ ದರಕ್ಕೂ ಇರುವ ಅಂತರವನ್ನೇ ಲಾಭ ಎಂದುಕೊಂಡವರು ಕೈಸುಟ್ಟುಕೊಂಡಿದ್ದಾರೆ. ಯಾರಿಗೆ ಏನು ಬೇಕೆಂದು ಮೊದಲು ತಿಳಿದು ಆಮೇಲೆ ತರಿಸಿದವರು ಉಳಿದಿದ್ದಾರೆ. ಈ ಮಾತನ್ನು ಬೇರೆ ಯಾವ ಊರಿಗಿಂತ ಮಾವಿನ ಊರಿನವರಾದ ನಾವು ಬೇಗ ಅರ್ಥ ಮಾಡಿಕೊಳ್ಳಬೇಕಿತ್ತು. ಏಕೆಂಬುದನ್ನು ಮುಂದೆ ಹೇಳುತ್ತೇನೆ.

2001ನೇ ಇಸವಿಯಿಂದ ಲೆಕ್ಕ ಹಿಡಿಯುವುದಕ್ಕೆ ಕಾರಣವಿದೆ. ಆ ವರ್ಷ ಫೆಬ್ರುವರಿ 28ರಂದು ಕೋಲಾರದ ಚಿನ್ನದ ಗಣಿ ನಿಂತಿತು. ನೂರಿಪ್ಪತ್ತು ವರ್ಷ ಭೂಮಿಯೊಳಗಿಂದ ಚಿನ್ನ ತೆಗೆದ ಜಿಲ್ಲೆಗೆ ಅದೊಂದು ಯುಗದ ಕೊನೆ. ಒಂದು ತಿಂಗಳು ಕಳೆದು, ಏಪ್ರಿಲ್ 1ರಂದು, ಕೇಂದ್ರ ಸರ್ಕಾರ ಉಳಿದಿದ್ದ 715 ವಸ್ತುಗಳ ಆಮದಿನ ಮೇಲಿನ ಪ್ರಮಾಣ ನಿರ್ಬಂಧವನ್ನು ತೆಗೆಯಿತು. ಡಿಸೆಂಬರ್ 11ರಂದು ಚೀನಾ ವಿಶ್ವ ವ್ಯಾಪಾರ ಸಂಸ್ಥೆಯ ಸದಸ್ಯ ದೇಶವಾಯಿತು. ನಮ್ಮ ನೆಲದಡಿಯ ಬಾಗಿಲು ಮುಚ್ಚಿದ ವರ್ಷವೇ ಬಂದರಿನ ಬಾಗಿಲು ತೆರೆಯಿತು. ಆಗ ಈ ಮೂರನ್ನೂ ಜೊತೆಗಿಟ್ಟು ನೋಡಿದವರು ನಮ್ಮಲ್ಲಿ ಯಾರೂ ಇರಲಿಲ್ಲ, ನಾನೂ ನೋಡಲಿಲ್ಲ.

ಅದಕ್ಕೂ ಮೊದಲು ಫಾರಿನ್ ಮಾಲು ಎಂದರೆ ಮದರಾಸಿನ ಬರ್ಮಾ ಬಜಾರ್. ಬಂಗಾರಪೇಟೆಯಲ್ಲಿ ರೈಲು ಹತ್ತಿ ಹೋಗಿ, ಬರ್ಮಾದಿಂದ ವಾಪಸು ಬಂದ ತಮಿಳರು ಬೀಚ್ ಸ್ಟೇಷನ್ ಬಳಿ ಹಾಕಿಕೊಂಡಿದ್ದ ಅಂಗಡಿಗಳಲ್ಲಿ ಟೇಪ್ ರೆಕಾರ್ಡರ್, ಗಡಿಯಾರ, ಸೆಂಟು ಕೊಂಡು ತರುತ್ತಿದ್ದರು. ಕರಾವಳಿಯವರಿಗೆ ಭಟ್ಕಳ ಇತ್ತು. ದುಬೈಗೆ ದುಡಿಯಲು ಹೋದವರ ಪೆಟ್ಟಿಗೆಗಳಿಂದಲೇ ಅಲ್ಲಿ ಒಂದು ಪೇಟೆ ಬೆಳೆಯಿತು. ಆ ವ್ಯಾಪಾರದಲ್ಲಿ ಕೊಳ್ಳುವವನು ವಸ್ತುವನ್ನು ಕೈಯಲ್ಲಿ ಹಿಡಿದು, ತಿರುಗಿಸಿ, ಹಾಡು ಹಾಕಿಸಿ ನೋಡುತ್ತಿದ್ದ. ಮಾರುವವನ ಮುಖ ಗೊತ್ತಿರುತ್ತಿತ್ತು.

ಆಮೇಲೆ ಬಂದದ್ದು ಚೈನಾ ಸೆಟ್ಟಿನ ಕಾಲ. 2005ರಿಂದ ಮೂರು ನಾಲ್ಕು ವರ್ಷ ಬೆಂಗಳೂರಿನ ಎಸ್.ಪಿ. ರೋಡ್, ಗಾಂಧಿನಗರದ ನ್ಯಾಷನಲ್ ಮಾರ್ಕೆಟ್‌ಗಳಿಂದ ಚೀಲಗಟ್ಟಲೆ ಮೊಬೈಲ್ ನಮ್ಮ ಬಸ್ ನಿಲ್ದಾಣದ ಅಂಗಡಿಗಳಿಗೆ ಬಂದವು. ಎರಡು ಸಿಮ್, ನಾಲ್ಕು ಸ್ಪೀಕರ್, ಊರೆಲ್ಲ ಕೇಳುವ ಸದ್ದು. 2009ರ ನವೆಂಬರ್ 30ರ ಮಧ್ಯರಾತ್ರಿ ಐಎಂಇಐ ಸಂಖ್ಯೆ ಇಲ್ಲದ ಸೆಟ್ಟುಗಳಿಗೆ ಸಂಪರ್ಕ ಕಡಿಯಬೇಕೆಂದು ಸರ್ಕಾರದ ಆದೇಶವಾಯಿತು. ಕೂಲಿ ದುಡ್ಡು ಕೂಡಿಟ್ಟು ಕೊಂಡವರು ಮತ್ತೆ ದುಡ್ಡು ತೆತ್ತು ಸೆಟ್ಟಿಗೆ ನಂಬರ್ ಹಾಕಿಸಿಕೊಳ್ಳಲು ಸಾಲು ನಿಂತರು. ಅಗ್ಗದ ವಸ್ತುವಿನ ಪೂರ್ತಿ ಬೆಲೆ ಕೊಂಡ ದಿನವೇ ತಿಳಿಯುವುದಿಲ್ಲ ಎಂಬುದನ್ನು ಊರು ನೋಡಿದ್ದು ಆಗಲೇ.

ಆನ್‌ಲೈನ್ ಮಾರಾಟ ನಮ್ಮ ಕಡೆಗೆ ನಿಧಾನವಾಗಿ ಬಂತು. 2004ರಲ್ಲೇ ಇಬೇ ಸಂಸ್ಥೆ ಬಾಜೀ ಡಾಟ್ ಕಾಮ್ ಅನ್ನು ಕೊಂಡು ಭಾರತಕ್ಕೆ ಬಂದಿತ್ತು. 2007ರಲ್ಲಿ ಬೆಂಗಳೂರಿನಲ್ಲಿ ಫ್ಲಿಪ್‌ಕಾರ್ಟ್ ಶುರುವಾಯಿತು. 2010ರಲ್ಲಿ ಚೀನಾದ ಅಲಿಬಾಬಾ ಸಂಸ್ಥೆ ಬಿಡಿ ಕೊಳ್ಳುವವರಿಗಾಗಿ ಅಲಿಎಕ್ಸ್‌ಪ್ರೆಸ್ ತೆರೆಯಿತು. 2013ರಲ್ಲಿ ಅಮೆಜಾನ್ ಇಲ್ಲಿಗೆ ಬಂತು. ಆದರೆ ಶ್ರೀನಿವಾಸಪುರದ ಹುಡುಗರಿಗೆ ಇವೆಲ್ಲ ನಿಜವಾಗಿ ಕೈಗೆಟುಕಿದ್ದು 2016ರ ಸೆಪ್ಟೆಂಬರ್‌ನಲ್ಲಿ ಜಿಯೋ 4ಜಿ ಬಂದಮೇಲೆ. ರೋಣೂರು, ಯಲ್ದೂರು, ರಾಯಲ್ಪಾಡಿನ ಹಳ್ಳಿಗಳಲ್ಲಿ ಕೂತು ಚೀನಾದ ಯಿವು ಪೇಟೆಯ ಅಂಗಡಿಯವರೊಡನೆ ಅನುವಾದದ ಆ್ಯಪ್ ಹಿಡಿದು ಚೌಕಾಸಿ ಮಾಡುವುದು ಸಾಧ್ಯವಾಯಿತು. ಇದು ಸಣ್ಣ ಮಾತಲ್ಲ. ಅವರ ಅಪ್ಪಂದಿರು ಮಂಡಿಯ ಸಾಹುಕಾರನ ಮುಂದೆ ಕಾಯಿಯ ದರ ಕೇಳಲೂ ಹಿಂಜರಿಯುತ್ತಿದ್ದರು. ಹುಡುಗರ ಆ ಧೈರ್ಯವನ್ನು ನಾನು ಇಂದಿಗೂ ಮೆಚ್ಚುತ್ತೇನೆ.

ಧೈರ್ಯವಿತ್ತು, ದಾರಿ ಮಾತ್ರ ಸರಿಯಿರಲಿಲ್ಲ. ಆಗ ಹೊರದೇಶದಿಂದ ಅಂಚೆಯಲ್ಲಿ ಬರುವ 5,000 ರೂಪಾಯಿವರೆಗಿನ ಉಡುಗೊರೆಗೆ ಸುಂಕವಿರಲಿಲ್ಲ. ಅಣ್ಣ ತಂಗಿಗೆ, ಮಗ ತಾಯಿಗೆ ಕಳಿಸಲಿ ಎಂದು ಮಾಡಿದ ರಿಯಾಯಿತಿ ಅದು. ಅದರ ಮರೆಯಲ್ಲಿ ಮಾರಾಟದ ಸರಕು ಬಂತು. ಪೊಟ್ಟಣದ ಮೇಲೆ 'ಗಿಫ್ಟ್' ಎಂಬ ಚೀಟಿ, ಬೆಲೆಯ ಜಾಗದಲ್ಲಿ ಎರಡು ಮೂರು ಡಾಲರ್. ನೂರು ವಾಚು ಬೇಕಾದವನು ಹತ್ತು ವಿಳಾಸಕ್ಕೆ ಹತ್ತತ್ತು ತರಿಸುತ್ತಿದ್ದ. ಇದನ್ನು ಬುದ್ಧಿವಂತಿಕೆ ಎಂದು ಕರೆದವರಿದ್ದಾರೆ. ನಾನು ಸುಳ್ಳು ಎಂದು ಕರೆಯುತ್ತೇನೆ. ಸುಂಕ ಕಟ್ಟಿ, ಬಾಡಿಗೆ ಕಟ್ಟಿ, ಬಿಲ್ ಹಾಕಿ ಮಾರುವ ನಮ್ಮ ಪೇಟೆಬೀದಿಯ ಅಂಗಡಿಯವರ ಅನ್ನಕ್ಕೆ ಕೈಹಾಕಿ ಗಳಿಸಿದ ಲಾಭ ಅದು. ಆ ಮೂರು ನಾಲ್ಕು ವರ್ಷ ಚೆನ್ನಾಗಿ ಸಂಪಾದಿಸಿದವರ ಕಥೆಗಳನ್ನೇ ಕೇಳಿ ಮುಂದಿನವರು ಇಳಿದರು. ಅಷ್ಟರಲ್ಲಿ ದಾರಿ ಮುಚ್ಚತೊಡಗಿತ್ತು.

ಮುಚ್ಚಿದ್ದು ಬೇಗ ಬೇಗ. 2019ರ ಡಿಸೆಂಬರ್‌ನಲ್ಲಿ ವಿದೇಶ ವ್ಯಾಪಾರ ಮಹಾನಿರ್ದೇಶನಾಲಯವು ಉಡುಗೊರೆಯ ಹೆಸರಿನ ಆಮದನ್ನೇ ನಿಷೇಧಿಸಿತು. ಬಿಟ್ಟದ್ದು ಜೀವರಕ್ಷಕ ಔಷಧ ಮತ್ತು ರಾಖಿ ಮಾತ್ರ. 2020ರ ಫೆಬ್ರುವರಿಯ ಬಜೆಟ್‌ನಲ್ಲಿ ಆಟಿಕೆಗಳ ಸುಂಕ ಶೇ 20ರಿಂದ 60ಕ್ಕೆ ಏರಿತು, 2023ರಲ್ಲಿ 70ಕ್ಕೆ. ಗಾಲ್ವಾನ್ ಕಣಿವೆಯ ಘರ್ಷಣೆಯ ಬೆನ್ನಲ್ಲೇ 2020ರ ಜೂನ್ 29ರಂದು 59 ಚೀನಿ ಆ್ಯಪ್‌ಗಳ ನಿಷೇಧವಾಯಿತು. ನವೆಂಬರ್ 24ರ ಇನ್ನೊಂದು ಪಟ್ಟಿಯಲ್ಲಿ ಅಲಿಎಕ್ಸ್‌ಪ್ರೆಸ್ ಕೂಡ ಹೋಯಿತು. 2021ರ ಜನವರಿ 1ರಿಂದ ಬಿಐಎಸ್ (ಭಾರತೀಯ ಮಾನಕ ಬ್ಯೂರೊ) ಗುರುತಿಲ್ಲದ ಆಟಿಕೆ ಮಾರುವಂತಿಲ್ಲ. ಚಾರ್ಜರ್, ಪವರ್ ಬ್ಯಾಂಕ್‌ಗಳಿಗೆ ಆ ಗುರುತು ಅದಕ್ಕೂ ಮೊದಲೇ ಕಡ್ಡಾಯವಾಗಿತ್ತು. 2025ರ ಮಾರ್ಚ್‌ನಲ್ಲಿ ಬಿಐಎಸ್ ಅಧಿಕಾರಿಗಳು ದೆಹಲಿ ಮತ್ತು ತಮಿಳುನಾಡಿನ ಇ-ಕಾಮರ್ಸ್ ಗೋದಾಮುಗಳಿಗೇ ಹೋಗಿ ಗುರುತಿಲ್ಲದ ಮಾಲನ್ನು ವಶಪಡಿಸಿಕೊಂಡರು. ದೊಡ್ಡವರ ಗೋದಾಮಿನಲ್ಲಿದ್ದರೂ ಆ ಮಾಲಿನಲ್ಲಿ ಸಣ್ಣ ಮಾರಾಟಗಾರರ ಬಂಡವಾಳವೂ ಇರುತ್ತದೆ.

ಹೊರಗಿನ ಪ್ರಪಂಚದಲ್ಲೂ ಗಾಳಿ ಇದೇ ದಿಕ್ಕಿಗೆ ಬೀಸುತ್ತಿದೆ. 800 ಡಾಲರ್‌ವರೆಗಿನ ಪಾರ್ಸೆಲ್ಲಿಗೆ ಅಮೆರಿಕ ಕೊಡುತ್ತಿದ್ದ ಸುಂಕ ವಿನಾಯಿತಿ 2025ರ ಮೇ 2ರಂದು ಚೀನಾದ ಮಾಲಿಗೆ, ಆಗಸ್ಟ್ 29ರಂದು ಎಲ್ಲ ದೇಶಗಳ ಮಾಲಿಗೆ ರದ್ದಾಯಿತು. ನಮ್ಮ ಅಂಚೆ ಇಲಾಖೆಯೇ ಅಮೆರಿಕಕ್ಕೆ ಹೋಗುವ ಹೆಚ್ಚಿನ ಪಾರ್ಸೆಲ್‌ಗಳನ್ನು ಕೆಲಕಾಲ ನಿಲ್ಲಿಸಬೇಕಾಯಿತು. ಪುಟ್ಟ ಪೊಟ್ಟಣ ಸುಂಕದ ಕಣ್ಣಿಗೆ ಬೀಳದೆ ಗಡಿ ದಾಟುವ ಕಾಲ ಮುಗಿಯಿತು ಎಂದೇ ತಿಳಿಯಬೇಕು.

ಹಾಗಾದರೆ ನೇರವಾದ ದಾರಿಯಲ್ಲಿ ತರಿಸಿದರೆ ಗಿಟ್ಟುತ್ತದೆಯೇ? ಆ ಹುಡುಗನ ಜೊತೆ ಪೆಟ್ಟಿಗೆಯ ಮೇಲೇ ಕಾಗದವಿಟ್ಟು ಲೆಕ್ಕ ಹಾಕಿದೆವು. ನಮ್ಮ ಬಂದರಿಗೆ ಮುಟ್ಟಿದಾಗ ಒಂದು ವಸ್ತುವಿನ ಬೆಲೆ, ಸಾಗಣೆ, ವಿಮೆ ಸೇರಿ 100 ರೂಪಾಯಿ ಎನ್ನಿ. ಅದಕ್ಕೆ ಶೇ 20 ಸುಂಕವಿದ್ದರೆ 20. ಆ ಸುಂಕದ ಮೇಲೆ ಶೇ 10 ಸಮಾಜ ಕಲ್ಯಾಣ ಮೇಲ್ತೆರಿಗೆ, 2 ರೂಪಾಯಿ. ಒಟ್ಟು 122ರ ಮೇಲೆ ಶೇ 18 ಐಜಿಎಸ್‌ಟಿ, ಸುಮಾರು 22. ಬಾಗಿಲಿಗೆ ಬರುವ ಮೊದಲೇ 144 ಆಯಿತು. ಜಿಎಸ್‌ಟಿ ನೋಂದಣಿ ಇದ್ದರೆ ಆ 22 ಮುಂದೆ ಜಮೆಯಾಗುತ್ತದೆ, ಇಲ್ಲದಿದ್ದರೆ ಹೋಯಿತು. ಅದನ್ನು 299ಕ್ಕೆ ಮಾರುತ್ತೀರಿ. ಅದರೊಳಗಿನ ಜಿಎಸ್‌ಟಿ ಕಳೆದರೆ 253. ಆನ್‌ಲೈನ್ ವೇದಿಕೆಯ ಕಮಿಷನ್, ಸಾಗಣೆ, ಜಾಹೀರಾತಿಗೆ 100 ಇಟ್ಟುಕೊಂಡರೆ 153. ಅಸಲು 122 ತೆಗೆದರೆ ಕೈಯಲ್ಲಿ 31. ನೂರರ ಮಾಲು ಮುನ್ನೂರಕ್ಕೆ ಹೋಗಿ 31 ರೂಪಾಯಿ ಉಳಿಯಿತು.

ಇದು ವಾಪಸು ಬಾರದ ಮಾಲಿನ ಲೆಕ್ಕ. ಹತ್ತರಲ್ಲಿ ಎರಡು ವಾಪಸು ಬಂದವು, ಹೋಗಿ ಬರುವ ಸಾಗಣೆ ತಲಾ 60 ರೂಪಾಯಿಯಂತೆ 120 ಹೋಯಿತು, ಎರಡರಲ್ಲಿ ಒಂದು ಒಡೆದು 122 ಹೋಯಿತು ಎಂದಿಟ್ಟುಕೊಳ್ಳಿ. ಎಂಟರಿಂದ ಬಂದ 248ರಲ್ಲಿ ಇವೆರಡನ್ನೂ ಕಳೆದರೆ ಉಳಿಯುವುದು 6 ರೂಪಾಯಿ. ಹತ್ತು ವಸ್ತು ತರಿಸಿ, ಫೋಟೊ ತೆಗೆದು, ಪ್ಯಾಕ್ ಮಾಡಿ, ಕೊರಿಯರ್ ಹುಡುಗನಿಗೆ ಕಾದು ದಕ್ಕಿದ್ದು ಆರು ರೂಪಾಯಿ. ಹುಡುಗ ಪೆನ್ನು ಕೆಳಗಿಟ್ಟು, "ಇದನ್ನ ಮೊದಲೇ ಯಾರಾದ್ರೂ ಕೂರಿಸಿ ಹೇಳಿದ್ದಿದ್ರೆ" ಅಂದ. ನನಗೆ ಉತ್ತರ ತೋಚಲಿಲ್ಲ. ಹೇಳಬೇಕಾದವರಲ್ಲಿ ನಾನೂ ಒಬ್ಬ.

ಹೇಳಿದವರೇನೋ ಇದ್ದರು. ಐದು ಸಾವಿರ, ಹತ್ತು ಸಾವಿರ ಶುಲ್ಕ ಪಡೆದು ಮೊಬೈಲ್‌ನಲ್ಲೇ ತರಗತಿ ನಡೆಸುವವರು. ಬಾಡಿಗೆ ಕಾರಿನ ಪಕ್ಕ ನಿಂತು, ತಿಂಗಳಿಗೆ ಲಕ್ಷ ದುಡಿಯುವ ಗುಟ್ಟು ಎಂದು ಮಾತು ಶುರುಮಾಡುವವರು. ಅವರಲ್ಲಿ ಹಲವರ ಸಂಪಾದನೆ ಪಾಠದ ಶುಲ್ಕದಿಂದ ಬಂದದ್ದೇ ಹೊರತು ಮಾಲು ಮಾರಿ ಬಂದದ್ದಲ್ಲ. ಮಾರಾಟದ ಒಟ್ಟು ಮೊತ್ತವನ್ನು ಪರದೆಯ ಮೇಲೆ ತೋರಿಸುತ್ತಾರೆ, ವಾಪಸು ಬಂದ ಪೆಟ್ಟಿಗೆಗಳನ್ನು ತೋರಿಸುವುದಿಲ್ಲ. ಬೀದಿಯ ಅಂಗಡಿಗೆ 40 ಲಕ್ಷದ ವಹಿವಾಟಿನವರೆಗೆ ಜಿಎಸ್‌ಟಿ ನೋಂದಣಿ ಬೇಡ. ಆದರೆ ಆನ್‌ಲೈನ್ ವೇದಿಕೆಯ ಮೂಲಕ ಹೊರರಾಜ್ಯಕ್ಕೆ ಸರಕು ಮಾರುವವನಿಗೆ ಮೊದಲ ರೂಪಾಯಿಯಿಂದಲೇ ಬೇಕು ಎಂಬ ಸಂಗತಿಯನ್ನು ಆ ತರಗತಿಗಳಲ್ಲಿ ಕೇಳಿದ ಹುಡುಗ ನನಗೆ ಇನ್ನೂ ಸಿಕ್ಕಿಲ್ಲ. 2025ರ ಜುಲೈನಲ್ಲಿ ಯುಪಿಐ ಲೆಕ್ಕ ಹಿಡಿದು ವಾಣಿಜ್ಯ ತೆರಿಗೆ ಇಲಾಖೆ ರಾಜ್ಯದ ಸಣ್ಣ ವರ್ತಕರಿಗೆ ನೋಟಿಸ್ ಕೊಟ್ಟಾಗ ಬೇಕರಿಯವರ ಜೊತೆ ಮೊಬೈಲ್ ವ್ಯಾಪಾರದ ಹುಡುಗರೂ ಬೆದರಿದ್ದು ಇದರಿಂದಲೇ.

ಇಷ್ಟೆಲ್ಲ ಹೇಳಿದರೂ ಈ ವ್ಯಾಪಾರವೇ ತಪ್ಪು ಎನ್ನಲಾರೆ. ನಮ್ಮ ತೋಟಗಳಲ್ಲೇ ಅದಕ್ಕೆ ಸಾಕ್ಷಿಯಿದೆ.

ಬಾದಾಮಿ, ಬೇನಿಶಾ, ಮಲ್ಲಿಕಾ ಬೆಳೆಯುವ ಕೆಲವರು ಈಚಿನ ವರ್ಷಗಳಲ್ಲಿ ಕಾಯಿಗೆ ಕಾಗದದ ಚೀಲ ತೊಡಿಸುತ್ತಿರುವುದನ್ನು ನೀವು ನೋಡಿರಬಹುದು. ಎರಡು ಪದರದ ಚೀಲ, ಹೊರಗೆ ಕಂದು, ಒಳಗೆ ಕಪ್ಪು. ಬಾಯಿಯ ಅಂಚಿನಲ್ಲಿ ಬೆರಳುದ್ದದ ತೆಳು ತಂತಿ ಹೊಲಿದಂತೆ ಕೂತಿರುತ್ತದೆ. ಕಾಯಿ ಮೊಟ್ಟೆ ಗಾತ್ರಕ್ಕೆ ಬಂದಾಗ ಏಣಿ ಹತ್ತಿ, ಚೀಲದ ಬಾಯನ್ನು ತೊಟ್ಟಿನ ಸುತ್ತ ನಿರಿಗೆ ಹಿಡಿದು ತಂತಿ ಸುತ್ತಬೇಕು. ಹೆಣ್ಣುಮಕ್ಕಳ ಕೈಗೆ ಇದು ಬೇಗ ಒಗ್ಗುತ್ತದೆ. ಒಳಗಿನ ಹಣ್ಣಿಗೆ ಹಣ್ಣು ನೊಣ ಮುಟ್ಟುವುದಿಲ್ಲ, ಅಂಟಿನ ಕಲೆ, ಬಿಸಿಲಿನ ಮಚ್ಚೆ ಇರುವುದಿಲ್ಲ, ಕೊಯ್ಯುವ ಹೊತ್ತಿಗೆ ಮೈಯೆಲ್ಲ ಒಂದೇ ಹದದ ತಿಳಿಹಳದಿ. ಮಂಡಿಯಲ್ಲಿ ಆ ಹಣ್ಣಿನ ರಾಶಿ ಬೇರೆಯೇ ಬೀಳುತ್ತದೆ, ದರವೂ ಬೇರೆ. ಈ ಚೀಲ ಚೀನಾ, ತೈವಾನ್ ಕಡೆಯಿಂದ ಬರುವಂಥದು. ಅದನ್ನು ತರಿಸಿ ವಾಟ್ಸ್ಆ್ಯಪ್ ಗುಂಪುಗಳಲ್ಲಿ, ಆನ್‌ಲೈನ್‌ನಲ್ಲಿ ಮಾರಿದವರು ಯಾರಿಗೂ ಮೋಸ ಮಾಡಲಿಲ್ಲ. ಚೀಲದಲ್ಲಿ ಅವರು ಉಳಿಸಿಕೊಂಡರು, ಹಣ್ಣಿನಲ್ಲಿ ರೈತ ಉಳಿಸಿಕೊಂಡ. ಕಸಿ ಕಟ್ಟುವ ಕತ್ತರಿ, ಕೊಂಬೆ ಸವರುವ ಗರಗಸ, ಹಣ್ಣಿನ ಸಿಹಿ ಅಳೆಯುವ ಕೊಳವೆ ತರಿಸಿದವರದೂ ಇದೇ ಕಥೆ. ಇವರಿಗೆಲ್ಲ ಸಾಮಾನ್ಯವಾದದ್ದು ಒಂದೇ: ಕೊಳ್ಳುವವನ ತೋಟ ಅವರಿಗೆ ಗೊತ್ತಿತ್ತು. ವಾಪಸು ಬರುವ ಪೆಟ್ಟಿಗೆ ಕಡಿಮೆಯಾದದ್ದೂ ಅದಕ್ಕೇ.

ಅಗ್ಗದ ಆಮದಿನ ಇನ್ನೊಂದು ಮುಖವನ್ನೂ ಈ ಜಿಲ್ಲೆ ನೋಡಿದೆ. ಅದು ರೇಷ್ಮೆಯದು, ಅದನ್ನು ಬಿಟ್ಟರೆ ಈ ಲೆಕ್ಕ ಪೂರ್ತಿಯಾಗದು. ಚೀನಾದ ಕಚ್ಚಾ ರೇಷ್ಮೆ ಅಗ್ಗದ ದರದಲ್ಲಿ ಸುರಿದು, 2003ರಲ್ಲೇ ಆ್ಯಂಟಿ-ಡಂಪಿಂಗ್ ಸುಂಕ ಹಾಕಬೇಕಾಗಿ ಬಂದಿತ್ತು. 2011ರ ಫೆಬ್ರುವರಿಯ ಬಜೆಟ್‌ನಲ್ಲಿ ಕಚ್ಚಾ ರೇಷ್ಮೆಯ ಆಮದು ಸುಂಕವನ್ನು ಶೇ 30ರಿಂದ ಒಮ್ಮೆಲೇ 5ಕ್ಕೆ ಇಳಿಸಿದರು. ನೇಯುವವರಿಗೆ ನೂಲು ಅಗ್ಗವಾಗಲಿ ಎಂಬುದು ಉದ್ದೇಶ. ಗೂಡಿನ ದರ ನೆಲಕಚ್ಚಿತು. ಕೋಲಾರ, ಶಿಡ್ಲಘಟ್ಟ, ರಾಮನಗರದ ಗೂಡಿನ ಮಾರುಕಟ್ಟೆಗಳ ಮುಂದೆ ರೈತರು ಗೂಡು ಸುರಿದು ಕೂತರು. ಹಿಪ್ಪುನೇರಳೆ ಕಿತ್ತು ಟೊಮೆಟೊ ಹಾಕಿದವರು ನಮ್ಮ ಸುತ್ತಲೇ ಇದ್ದಾರೆ. ಹುಳು ಗೂಡು ಕಟ್ಟುವ ಚಂದ್ರಿಕೆಗಳು ಅಟ್ಟ ಸೇರಿದವು. 2013ರಲ್ಲಿ ಸುಂಕವನ್ನು ಶೇ 15ಕ್ಕೆ ಏರಿಸಿದರು, ಮಧ್ಯೆ 10ಕ್ಕೆ ಇಳಿಯಿತು, 2021ರಲ್ಲಿ ಮತ್ತೆ 15 ಆಯಿತು. 2010ರ ಆಸುಪಾಸಿನಲ್ಲಿ ವರ್ಷಕ್ಕೆ 5,000 ಟನ್ ಮೀರುತ್ತಿದ್ದ ಆಮದು ದಶಕ ಕಳೆಯುವಷ್ಟರಲ್ಲಿ 2,000 ಟನ್ ಆಜುಬಾಜಿಗೆ ಬಂತು.

ಆಮದನ್ನು ಇಳಿಸಿದ್ದು ಸುಂಕವೊಂದೇ ಅಲ್ಲ. ಮಗ್ಗದವರು ಚೀನಾದ ನೂಲನ್ನು ಹಾಸಿನ ಎಳೆಗೆ ಬಯಸಿದ್ದು ಅಗ್ಗವೆಂದು ಮಾತ್ರವಲ್ಲ, ಎಳೆ ಕಡಿಯದೆ ಒಂದೇ ಸಮನಾಗಿ ಬರುತ್ತಿತ್ತು ಎಂದು. ಆ ಗುಣದ ನೂಲನ್ನು ಇಲ್ಲೇ ತೆಗೆಯಲು ನಮ್ಮ ರೀಲರ್‌ಗಳಿಗೆ ನೆರವಾದದ್ದು ಸ್ವಯಂಚಾಲಿತ ನೂಲು ಬಿಚ್ಚುವ ಯಂತ್ರ. ಸರ್ಕಾರದ ಸಹಾಯಧನದಲ್ಲಿ ಬಂದ ಆ ಯಂತ್ರಗಳಲ್ಲಿ ಮೊದಮೊದಲಿನವು ಚೀನಾದವೇ. ಅಲ್ಲಿಂದ ನೂಲು ತರಿಸಿದಾಗ ನಮ್ಮ ಗೂಡಿಗೆ ಬೆಲೆಯಿಲ್ಲವಾಯಿತು, ಯಂತ್ರ ತರಿಸಿದಾಗ ನಮ್ಮ ದ್ವಿತಳಿ ಗೂಡಿಗೆ ಬೆಲೆ ಬಂತು. ದೇಶ ಒಂದೇ, ಬಂದರೂ ಒಂದೇ. ಏನು ತರಿಸುತ್ತೇವೆ ಎಂಬುದರಲ್ಲಿ ಎಷ್ಟು ವ್ಯತ್ಯಾಸವಿದೆ ಎಂಬುದಕ್ಕೆ ಇದಕ್ಕಿಂತ ಹತ್ತಿರದ ಉದಾಹರಣೆ ನನಗೆ ಗೊತ್ತಿಲ್ಲ.

ಇನ್ನು ಮಾವಿನ ಮಾತು. ಅಗ್ಗದ ಕಡೆ ಕೊಂಡು ದುಬಾರಿಯ ಕಡೆ ಮಾರುವವನ ಕಣ್ಣಿನಲ್ಲಿ ಶ್ರೀನಿವಾಸಪುರವೇ ಆ 'ಅಗ್ಗದ ಕಡೆ'. ಯಿವು ಪೇಟೆಗೆ ನಮ್ಮ ಹುಡುಗ ಹೋಗುವ ಹಾಗೆ ನಮ್ಮ ಮಂಡಿಗೆ ಬೇರೆಯವರು ಬರುತ್ತಾರೆ. ತೋತಾಪುರಿ ಇಲ್ಲಿಂದ ಚಿತ್ತೂರು, ಕೃಷ್ಣಗಿರಿಯ ತಿರುಳು ಕಾರ್ಖಾನೆಗಳಿಗೆ ಹೋಗಿ, ಡಬ್ಬಿ ಸೇರಿ, ಬೇರೆಯವರ ಹೆಸರಿನಲ್ಲಿ ಗಲ್ಫಿಗೆ, ಯುರೋಪಿಗೆ ಹಡಗು ಹತ್ತುತ್ತದೆ. 2025ರ ಜೂನ್‌ನಲ್ಲಿ ಚಿತ್ತೂರು ಜಿಲ್ಲಾಡಳಿತ ಕರ್ನಾಟಕದ ತೋತಾಪುರಿಗೆ ಗಡಿ ಮುಚ್ಚಿತು. ಅಲ್ಲಿನ ಸರ್ಕಾರ ತನ್ನ ರೈತರಿಗೆ ಕಾರ್ಖಾನೆಗಳಿಂದ ಕಿಲೋಗೆ 8 ರೂಪಾಯಿ, ತನ್ನ ಬೊಕ್ಕಸದಿಂದ 4 ರೂಪಾಯಿ ಕೊಡಿಸಲು ಹೊರಟಿತ್ತು. ಹೊರಗಿನ ಕಾಯಿ ಅದರಲ್ಲಿ ಸೇರದಿರಲಿ ಎಂಬುದು ಅವರ ಕಾರಣ. ನಮ್ಮಲ್ಲಿ ಕೀಳುವ ಕೂಲಿಗೂ ಗಿಟ್ಟದ ದರವಾಯಿತು. ಶ್ರೀನಿವಾಸಪುರ ಬಂದ್ ಆಯಿತು, ರಸ್ತೆಗೆ ಕಾಯಿ ಸುರಿದರು, ಮುಖ್ಯಮಂತ್ರಿಗಳು ಆಂಧ್ರದ ಮುಖ್ಯಮಂತ್ರಿಗಳಿಗೆ ಪತ್ರ ಬರೆದರು. ಕೊನೆಗೆ ಕೇಂದ್ರವು ಕ್ವಿಂಟಾಲ್‌ಗೆ 1,616 ರೂಪಾಯಿ ದರ ಹಿಡಿದು 2.5 ಲಕ್ಷ ಟನ್‌ವರೆಗೆ ವ್ಯತ್ಯಾಸದ ಹಣ ಕೊಡಲು ಒಪ್ಪಿತು. ಅಷ್ಟರಲ್ಲಿ ಎಷ್ಟೋ ಕಾಯಿ ಮರದಲ್ಲೇ ಹಣ್ಣಾಗಿ ಉದುರಿತ್ತು.

ಬೆಳೆದವರೂ ನಾವೇ, ಕಿತ್ತವರೂ ನಾವೇ, ದರ ಹೇಳಿದವನು ಮಾತ್ರ ಬೇರೆ. ಗೋದಾಮು ಇದ್ದವನು, ಸಾಲ ಕೊಡುವ ಶಕ್ತಿ ಇದ್ದವನು, ಡಬ್ಬಿಯ ಮೇಲೆ ಹೆಸರು ಅಚ್ಚು ಹಾಕಿಸುವವನು ಹೇಳಿದ ದರ ಅದು. ಆನ್‌ಲೈನ್ ವ್ಯಾಪಾರದಲ್ಲೂ ಇದೇ ನಡೆದಿದೆ. ಅಲ್ಲಿ ತಯಾರಿಸಿದವನು ಕಾಸಿಗೆ ದುಡಿದ, ಇಲ್ಲಿ ಮಾರಿದ ಹುಡುಗನೂ ಕಾಸಿಗೆ ದುಡಿದ, ನಡುವೆ ಗೋದಾಮು ಮತ್ತು ಗಿರಾಕಿ ಎರಡನ್ನೂ ಹಿಡಿದ ವೇದಿಕೆಗೆ ಉಳಿಯಿತು. ನಾಲ್ಕು ತಲೆಮಾರು ಮಂಡಿ ನೋಡಿದ ಊರಿಗೆ ಇದು ಹೊಸ ವಿಷಯವಲ್ಲ. ಆದರೂ ಆ ಅನುಭವವನ್ನು ನಾವು ಮಕ್ಕಳಿಗೆ ದಾಟಿಸಲಿಲ್ಲ. ಮಾವಿನದು ಅಪ್ಪನ ವ್ಯವಹಾರ, ಮೊಬೈಲಿನದು ಮಗನ ವ್ಯವಹಾರ ಎಂದು ಎರಡನ್ನೂ ಬೇರೆ ಬೇರೆ ಇಟ್ಟೆವು.

ಬೇರೆ ದಾರಿ ಇಲ್ಲವೆಂದಲ್ಲ. 2019ರಿಂದ ರಾಜ್ಯದ ಮಾವು ಅಭಿವೃದ್ಧಿ ಮತ್ತು ಮಾರುಕಟ್ಟೆ ನಿಗಮವು ಅಂಚೆ ಇಲಾಖೆಯ ಜೊತೆಗೂಡಿ ರೈತರ ಹಣ್ಣನ್ನು ಮೂರು ಕಿಲೋ ಪೆಟ್ಟಿಗೆಗಳಲ್ಲಿ ಬೆಂಗಳೂರಿನ ಮನೆಬಾಗಿಲಿಗೆ ಮುಟ್ಟಿಸುತ್ತಿದೆ. ಗಿರಾಕಿ ಮೊಬೈಲಿನಲ್ಲಿ ಕೇಳುತ್ತಾನೆ, ರೈತ ಪೆಟ್ಟಿಗೆ ಕಟ್ಟುತ್ತಾನೆ, ಪೋಸ್ಟ್‌ಮ್ಯಾನ್ ಕೊಡುತ್ತಾನೆ. ಲಾಕ್‌ಡೌನ್‌ನ 2020ರಲ್ಲಿ ಇದೇ ಕೆಲವು ತೋಟಗಳನ್ನು ಉಳಿಸಿತು. ನಮ್ಮ ಹುಡುಗರು ಮಿಕ್ಸರ್, ವಾಚು ಮಾರುವಾಗ ಕಲಿತ ಫೋಟೊ ತೆಗೆಯುವುದು, ಪ್ಯಾಕಿಂಗ್, ಗಿರಾಕಿಯ ದೂರಿಗೆ ತಾಳ್ಮೆಯಿಂದ ಉತ್ತರ ಕೊಡುವುದು, ಎಲ್ಲವೂ ಈ ಕೆಲಸಕ್ಕೆ ಹಾಗೇ ಬರುತ್ತವೆ. ಕಳೆದುಕೊಂಡ ದುಡ್ಡಿನಲ್ಲಿ ಅವರಿಗೆ ದಕ್ಕಿದ ವಿದ್ಯೆ ಅದು, ಅದನ್ನು ಹಗುರಾಗಿ ಕಾಣಬಾರದು.

ಜಿಲ್ಲೆಯ ಇನ್ನೊಂದು ತುದಿಯಲ್ಲಿ, ಹೆದ್ದಾರಿ ಪಕ್ಕದ ನರಸಾಪುರದಲ್ಲಿ, ಚೈನಾ ಸೆಟ್ಟು ಕೊಂಡ ತಲೆಮಾರಿನ ಮಕ್ಕಳು ಇಂದು ಐಫೋನ್ ಜೋಡಿಸುತ್ತಿದ್ದಾರೆ. ತೈವಾನಿನ ವಿಸ್ಟ್ರಾನ್ ಕಟ್ಟಿದ ಆ ಕಾರ್ಖಾನೆ 2023ರಲ್ಲಿ ಟಾಟಾ ಕೈಗೆ ಬಂತು. ಬಿಡಿಭಾಗ ಹೊರಗಿಂದ ಬರುತ್ತದೆ, ಫೋನ್ ಇಲ್ಲಿಂದ ಹೊರಗೆ ಹೋಗುತ್ತದೆ. 2020ರ ಡಿಸೆಂಬರ್‌ನಲ್ಲಿ ಸಂಬಳದ ತಕರಾರಿನಿಂದ ಅಲ್ಲಿ ನಡೆದ ಗಲಭೆಯನ್ನು ಮರೆಯುವಂತಿಲ್ಲ. ಆದರೂ 2001ರಲ್ಲಿ ಗಣಿ ಮುಚ್ಚಿದಾಗ ಇನ್ನು ಈ ಜಿಲ್ಲೆಯಿಂದ ಹೊರದೇಶಕ್ಕೆ ಹೋಗುವಂಥದ್ದು ಏನಿದೆ ಎಂದು ಕೇಳಿದವರಿಗೆ ಉತ್ತರ ಸಿಕ್ಕಿದೆ.

ಮುಂದಿನ ವರ್ಷಕ್ಕೆ ನನ್ನ ಬೇಡಿಕೆ ದೊಡ್ಡದಲ್ಲ. ಹೊರದೇಶದಿಂದ ಮಾರಾಟಕ್ಕೆ ತರಿಸುವವರು ಮೊದಲು ಆಮದು-ರಫ್ತು ಸಂಕೇತ ಸಂಖ್ಯೆ ಮಾಡಿಸಿಕೊಳ್ಳಲಿ. ಅದರ ಶುಲ್ಕ 500 ರೂಪಾಯಿ, ಅರ್ಜಿ ಮೊಬೈಲಿನಲ್ಲೇ. ಪ್ರತಿ ವರ್ಷ ಏಪ್ರಿಲ್‌ನಿಂದ ಜೂನ್‌ವರೆಗೆ ಅದರ ವಿವರ ಖಚಿತಪಡಿಸದಿದ್ದರೆ ಸಂಖ್ಯೆ ನಿಷ್ಕ್ರಿಯವಾಗುತ್ತದೆ ಎಂಬುದನ್ನು ನೆನಪಿಡಲಿ. ಪೊಟ್ಟಣದ ಮೇಲೆ ಆಮದುದಾರನ ಹೆಸರು, ವಿಳಾಸ, ತಯಾರಾದ ದೇಶ, ಗರಿಷ್ಠ ಬೆಲೆ ಅಚ್ಚಾಗಿರಬೇಕೆಂದು 2011ರ ತೂಕ ಮತ್ತು ಅಳತೆ ನಿಯಮ ಹೇಳುತ್ತದೆ. ಇದನ್ನು ಕಿರುಕುಳ ಎಂದುಕೊಳ್ಳುವ ಬದಲು ನಮ್ಮ ಹೆಸರಿಗೆ ಸಿಗುವ ಜಾಗ ಎಂದುಕೊಳ್ಳಲಿ. ತಿರುಳಿನ ಡಬ್ಬಿಯ ಮೇಲೆ ಸಿಗದ ಜಾಗ ಅಲ್ಲಾದರೂ ಸಿಗುತ್ತದೆ. ತಾಲ್ಲೂಕಿನ ಪದವಿ ಕಾಲೇಜಿನ ವಾಣಿಜ್ಯ ವಿಭಾಗದವರು ವರ್ಷಕ್ಕೆ ಎರಡು ಭಾನುವಾರ ಬಿಡುವು ಮಾಡಿಕೊಂಡು, ಆ ಆರು ರೂಪಾಯಿಯ ಲೆಕ್ಕವನ್ನು ಹುಡುಗರಿಗೆ ಹಲಗೆಯ ಮೇಲೆ ಬರೆದು ತೋರಿಸಲಿ. ಅದಕ್ಕೆ ಶುಲ್ಕ ಬೇಡ, ಕಾರಿನ ಫೋಟೊ ಬೇಡ.

ಮಂಡಿಯ ಶೆಡ್ಡಿನ ಹುಡುಗ ಈಗ ತನ್ನ ಹೋಬಳಿಯ ಹನ್ನೆರಡು ತೋಟಗಳಿಗೆ ಹೋಗಿ, ಎಷ್ಟು ಮರ, ಯಾವ ತಳಿ, ಎಷ್ಟು ಚೀಲ ಬೇಕೆಂದು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಿದ್ದಾನೆ. ಒಟ್ಟಾಗಿ ತರಿಸಿದರೆ ಸಾಗಣೆ ಹಂಚಿಹೋಗುತ್ತದೆ, ಬಂದ ಮಾಲು ಕೂರುವುದಿಲ್ಲ. ಕಾಯಿ ಮೊಟ್ಟೆ ಗಾತ್ರಕ್ಕೆ ಬರುವುದು ಮಾರ್ಚ್ ಕೊನೆಯಿಂದ. ಹಡಗಿನ ಮಾಲು ಚೆನ್ನೈ ಬಂದರಿನಲ್ಲಿ ಸುಂಕ ಕಟ್ಟಿ ಇಲ್ಲಿಗೆ ಮುಟ್ಟಲು ತಿಂಗಳು ಮೀರುತ್ತದೆ. ಬೇಕಾದವರು ತಮ್ಮ ತಮ್ಮ ಊರಿನಲ್ಲಿ ಹೀಗೆ ಗುಂಪು ಮಾಡಿಕೊಂಡು ಜನವರಿ ಮುಗಿಯುವ ಮೊದಲೇ ಬೇಡಿಕೆ ಬರೆಸಿ.